ಬಸಣ್ಣ ಮಾಮಾನ ಎರಡು ಬೆರಳು

ಮೊದಲೇ ಹೇಳಿಬಿಡುತ್ತೇನೆ: ಬಸಣ್ಣ ಮಾಮಾ ನಮ್ಮ ಖೋಲಿ ಬಿಟ್ಟುಹೋಗುವಂತೆ ಮಾಡಿದ ಅತಿಜಾಣ ಶಹಾಣ್ಯಾ ನಾನೇ. ಜಗಳವಾಡಿ ಓಡಿಸಲಿಲ್ಲ, ಕಾಣಿಕೆ ಕೊಟ್ಟು ಓಡಿಸಿದೆ. ಕೊಲ್ಹಾಪುರಕ್ಕೆ ಖುದ್ದು ಹೋಗಿ, ಕಿವಿಯಿಟ್ಟು ಪರೀಕ್ಷಿಸಿ, ಸದ್ದೇ ಮಾಡದ ಕೀಬೋರ್ಡೊಂದನ್ನು ಆರಿಸಿ ತಂದು ಅವರ ಮುಂದಿಟ್ಟೆ. ಅಷ್ಟು ಸಾಕಾಯಿತು.

ಮಾಮಾ ಟೈಪು ಮಾಡುತ್ತಿದ್ದುದು ಎರಡೇ ಬೆರಳಿನಲ್ಲಿ. ಉಳಿದ ಎಂಟು ಬೆರಳುಗಳು ಮಡಚಿಕೊಂಡು, ದೊಡ್ಡವರ ಜಗಳ ನೋಡುವ ಮಕ್ಕಳಂತೆ ಸುಮ್ಮನಿರುತ್ತಿದ್ದವು. ಆ ಎರಡು ಮಾತ್ರ ಮೇಲಿಂದ ಬೀಳುವ ರಭಸಕ್ಕೆ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ಹರೆಯವನ್ನೆಲ್ಲ ಇಚಲಕರಂಜಿಯ ಪವರ್‌ಲೂಮಿನಲ್ಲಿ ಕಳೆದವರು; ಬೆನ್ನು ಕೈಕೊಟ್ಟ ಮೇಲೆ ಮಗ್ಗ ಬಿಟ್ಟು, ನೂಲಿನ ವ್ಯಾಪಾರಿಗಳ ಬಿಲ್ಲು ಟೈಪು ಮಾಡುವ ಕೆಲಸ ಹಿಡಿದಿದ್ದರು. ಮಗ್ಗ ಬಿಟ್ಟರೂ ಮಗ್ಗದ ಧರ್ಮ ಬಿಟ್ಟಿರಲಿಲ್ಲ. "ಸಪ್ಪಳ ಇಲ್ಲಂದ್ರ ಪಗಾರ ಇಲ್ಲ" ಎಂಬುದು ಅವರ ನಿತ್ಯದ ವಚನ.

ಒಂದು ಖೋಲಿಯನ್ನು ನಾವು ಮೂವರು ಸೇರಿ ಬಾಡಿಗೆಗೆ ಹಿಡಿದಿದ್ದೆವು. ಕಿಟಕಿ ಮುಚ್ಚಿದರೆ ಊರಿನ ಮಗ್ಗಗಳ ಸದ್ದು ಒಳಗೆ ಬಾರದಂಥ ಖೋಲಿ. ನಾನು ಅದಕ್ಕೇ ಮರುಳಾದದ್ದು. ಒಂದೇ ಉದ್ದ ಮೇಜು. ಆ ತುದಿಗೆ ಶೈಲಕ್ಕ, ಕಂಪ್ಯೂಟರಿನಲ್ಲಿ ಸೀರೆಯ ಅಂಚಿಗೆ ನಕ್ಷೆ ಬಿಡಿಸುವವಳು. ನಡುವೆ ಮಾಮಾ. ಈ ತುದಿಗೆ ನಾನು ಮತ್ತು ನನ್ನ ಮೈಕು. ಊರಿನವರ ಧ್ವನಿಗಳನ್ನೆಲ್ಲ ನಕಲು ಮಾಡಿ ಬೈಗುಳ ತಿನ್ನುವುದು ನನ್ನ ಹವ್ಯಾಸ. ಅಂಗಡಿಗಳ ಜಾಹೀರಾತಿಗೆ ಮರಾಠಿಯಲ್ಲೂ ಕನ್ನಡದಲ್ಲೂ ಧ್ವನಿ ಕೊಡುವುದು ಹೊಟ್ಟೆಪಾಡು. ರಿಕ್ಷಾದ ಮೇಲೆ ಭೋಂಗಾ ಕಟ್ಟಿಕೊಂಡು ಊರೆಲ್ಲ ಒದರುತ್ತಾರಲ್ಲ, ಅದರೊಳಗಿನ ಗಂಟಲು ನನ್ನದು. ಮಾಮಾ ನನ್ನನ್ನು ಕರೆಯುತ್ತಿದ್ದುದು 'ಸೋಂಗಾಡ್ಯಾ' ಎಂದೇ. ಸೋಗು ಹಾಕುವವನಿಗೆ ಇನ್ನೇನೆಂದಾರು?

ಅವರ ನಕಲನ್ನೂ ಮಾಡುತ್ತಿದ್ದೆ. ಒಮ್ಮೆ ಅವರು ಬಿಲ್ಲಿನಲ್ಲಿ ಮುಳುಗಿದ್ದಾಗ ಬಾಗಿಲ ಬಳಿ ನಿಂತು, ಅವರು ಮಗಳಿಗೆ ಫೋನು ಮಾಡುವ ರೀತಿಯನ್ನು ಶೈಲಕ್ಕನಿಗೆ ಮಾಡಿ ತೋರಿಸುತ್ತಿದ್ದೆ. ಧ್ವನಿ ಹೊರಡಿಸಲಿಲ್ಲ, ಬರೀ ತುಟಿ ಆಡಿಸಿದೆ: "ಏ ಅಕ್ಕವ್ವಾ, ಉಣ್ಣಾಕ ಏನ್ ಮಾಡೀ? ಝುಣಕಾ? ದಿನಾ ಝುಣಕಾ ಯಾಕ ಮಾಡ್ತೀ?"

ಮಾಮಾ ಬೆರಳು ನಿಲ್ಲಿಸಿದರು. "ಝುಣಕಾ ಅಂದಿಲ್ಲ ನಾ. ಪುಂಡಿಪಲ್ಯಾ ಅಂದೇನಿ. ನಕಲ ಮಾಡಾಂವ ಖರೇ ಮಾಡಬೇಕು."

ಶೈಲಕ್ಕ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

"ಮಗ್ಗದ ಮನಿಯಾಗ ಮಂದಿ ತುಟಿ ಓದೇ ವಯಸ್ಸಾತು ನನಗ," ಎಂದರು ಮಾಮಾ. "ನೀ ಒದರಿ ಬೈದರ ಅರ್ಧಾ ಕೇಳತೈತಿ. ಸುಮ್ಮನ ಬೈದರ ಪೂರಾ ಕೇಳತೈತಿ."

ಹೀಗೆ ಸುಖವಾಗಿದ್ದವರ ನಡುವೆ ಕೊಲ್ಹಾಪುರದ ಸೀರೆ ಅಂಗಡಿ ಬಂದಿತು. ಅದಕ್ಕೊಂದು ಜಾಹೀರಾತು ಮಾಡಿ ಕಳಿಸಿದ್ದೆ. ಇದೂ ದೀಪಾವಳಿಯದೂ ಚೆನ್ನಾಗಿ ಬಂದರೆ ವರ್ಷವಿಡೀ ನಿನಗೇ ಕೆಲಸ ಎಂದಿದ್ದ ಅಂಗಡಿಯ ಶೇಟ್. ಒಂದು ಸಂಜೆ ಪೇಟೆಯಲ್ಲಿ ರಿಕ್ಷಾದಿಂದ ನನ್ನದೇ ಧ್ವನಿ ತೇಲಿಬಂತು. ಎದೆಯುಬ್ಬಿಸಿ ನಿಂತೆ. ಆಗ ಕೇಳಿಸಿತು: ನನ್ನ ಧ್ವನಿಯ ಹಿಂದೆ ಟಕ್, ಟಕಾ, ಟಕ್. ಮಾಮಾನ ಎರಡು ಬೆರಳು ಊರ ತುಂಬ ಮೆರವಣಿಗೆ ಹೊರಟಿದ್ದವು. ಶೇಟ್ ಅದನ್ನು ಕೇಳಿರಬೇಕು, ಇನ್ನು ವರ್ಷದ ಕೆಲಸ ಹೋದಂತೆಯೇ ಎಂದುಕೊಂಡೆ. ಮಾಮಾ ಚಹಾಕ್ಕೆ ಹೋದಾಗ ರೆಕಾರ್ಡ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವರು ಹೋಗುವಾಗ ನನ್ನನ್ನೂ ಕರೆಯುತ್ತಿದ್ದರು. ಪುಕ್ಕಟೆ ಚಹಾ ಬಿಡುವಷ್ಟು ನಿಷ್ಠೆ ನನಗೆ ಕಲೆಯ ಮೇಲಿಲ್ಲ.

ಮರುದಿನವೇ ಕೊಲ್ಹಾಪುರದ ಬಸ್ಸು ಹತ್ತಿದೆ. ಕಂಪ್ಯೂಟರ್ ಅಂಗಡಿಯವನು ಸಾಲಾಗಿ ಕೀಬೋರ್ಡು ಹರವಿದ. ರಸ್ತೆಯ ಗದ್ದಲದಲ್ಲಿ ಎಲ್ಲವೂ ಸಾಧುಗಳೇ. ಬಾಗಿಲು ಹಾಕಿಸಿದೆ, ಫ್ಯಾನು ನಿಲ್ಲಿಸಿದೆ. ಒಂದೊಂದರ ಮೇಲೂ ಕಿವಿಯಿಟ್ಟು, ಎರಡು ಬೆರಳೆತ್ತಿ ಮಾಮಾನ ರಭಸದಲ್ಲೇ ಹೊಡೆದೆ. ಅಂಗಡಿಯವನು ತುಸು ಹೊತ್ತು ನೋಡಿ, "ದಾದಾ, ಘ್ಯಾಯ್ಚಾಯ್ ಕೀ ಠೋಕಾಯ್ಚಾಯ್?" ಎಂದ. ಕೊಳ್ಳುವುದೋ, ಬಡಿಯುವುದೋ ಎಂಬ ಅವನ ಸಂಶಯ ನ್ಯಾಯವಾದದ್ದೇ. ಎತ್ತರದ ಗುಂಡಿಯವು ಬಡಿದರೆ ಕೂಗುತ್ತಿದ್ದವು. ಗುಂಡಿ ಚಪ್ಪಟೆಯಾಗಿ, ಒಳಗೆ ಮೆತ್ತನೆಯ ರಬ್ಬರು ಇದ್ದುದೊಂದು ಎಷ್ಟು ಹೊಡೆದರೂ ಹೊಸ ಸೊಸೆಯಂತೆ ತುಟಿ ಬಿಚ್ಚಲಿಲ್ಲ. ಅದನ್ನೇ ಕಟ್ಟಿಸಿಕೊಂಡೆ.

ಮಾಮಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನಾನು ಕಾರಣ ಹೇಳಿದೆ.

"ನಿನ್ನ ಗಂಟಲಾ ನಿನ್ನ ಅನ್ನಾ, ತಮ್ಮಾ. ಅದರಾಗ ನನ್ನ ಸಪ್ಪಳಾ ಬೀಳಬಾರದು. ಕೊಡು," ಎಂದು ಹಳೆಯದನ್ನು ತಾವೇ ಬಿಚ್ಚಿಟ್ಟರು.

ಅಂದಿನಿಂದ ಖೋಲಿಯಲ್ಲಿ ಸ್ಮಶಾನಶಾಂತಿ. ಮಗ್ಗದವರಿಗೆ ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ಎಲ್ಲರೂ ಎದ್ದು ಹೊರಗೆ ಹೋಗುತ್ತಾರೆ. ಮಾಮಾ ಒಂದು ಬಿಲ್ಲು ಹೊಡೆಯುವುದರೊಳಗೆ ತಲೆಯೆತ್ತಿ, "ಲೈಟ ಹೋತನು?" ಎಂದು ಏಳುತ್ತಿದ್ದರು. ನೆತ್ತಿಯ ಮೇಲೆ ಫ್ಯಾನು ಗರಗರ ತಿರುಗುತ್ತಿರುತ್ತಿತ್ತು.

"ಮಾಮಾ, ಲೈಟ ಐತ್ರಿ. ಕುಂದರ್ರಿ," ಎನ್ನುತ್ತಿದ್ದಳು ಶೈಲಕ್ಕ.

"ಐತಿ ಅಂತ ಕಣ್ಣಿಗೆ ಗೊತ್ತಾಗೇತಿ ಶೈಲವ್ವಾ. ಕಾಲಿಗೆ ಗೊತ್ತಾಗವಲ್ದು," ಎಂದು ನಡೆದೇಬಿಡುತ್ತಿದ್ದರು. ನನಗೂ ದಿನಕ್ಕೆ ಎಂಟು ಚಹಾ ಆಗತೊಡಗಿತು.

ಚಹಾದಿಂದ ಯಾರೂ ಕೆಡಲಿಲ್ಲ, ಬಿಲ್ಲು ಕೆಟ್ಟವು. ಸದ್ದು ಕೇಳದಿದ್ದರೆ ಅಕ್ಷರ ಬಿದ್ದಿಲ್ಲವೆಂದು ಅವರ ಬೆರಳು ಇನ್ನೊಮ್ಮೆ ಹೊಡೆಯುತ್ತಿತ್ತು. ನಲವತ್ತು ಚೀಲ ನೂಲು ನಾಲ್ಕು ಸಾವಿರದ ನಾನೂರು ಚೀಲವಾಯಿತು. ವ್ಯಾಪಾರಿಯ ಫೋನು ಬಂತು. ಅವನ ಮಾತು ಮೇಜಿನ ಎರಡೂ ತುದಿಗೆ ಕೇಳುತ್ತಿತ್ತು. "ಬಸಣ್ಣಾ, ಇಡೀ ಇಚಲಕರಂಜಿಗೆ ನಾ ಒಬ್ಬನ ನೂಲ ಕೊಡಾಕತ್ತೇನೇನು? ಇನ್ನೊಮ್ಮೆ ಹಿಂಗಾದ್ರ ಬ್ಯಾರೇದಾವ್ರನ್ನ ನೋಡ್ಕೋತೇನಿ."

ಹಳೆಯದನ್ನು ಮತ್ತೆ ಜೋಡಿಸುವುದಾಗಿ ಶೈಲಕ್ಕ ಹೇಳಿದಳು. ಮಾಮಾ ಒಪ್ಪಲಿಲ್ಲ. ಹುಡುಗನ ದೀಪಾವಳಿ ಕೆಲಸ ಮುಗಿಯಲಿ ಎಂದರು. ಆ ಹುಡುಗ, ಅಂದರೆ ನಾನು, ಅಡ್ಡ ಮಾತಾಡದೆ ಮೈಕು ಒರೆಸುತ್ತ ಕುಳಿತಿದ್ದೆ. ವಾರ ಕಳೆಯುವುದರೊಳಗೆ ಮಾಮಾ ಗಂಟು ಕಟ್ಟಿದರು. ಗಡಹಿಂಗ್ಲಜದಲ್ಲಿ ಮಗಳ ಮನೆ. ಬಿಲ್ಲು ಹೇಗೂ ಫೋನಿನಲ್ಲೇ ಬರುತ್ತವೆ, ಎಲ್ಲಿ ಕುಳಿತು ಹೊಡೆದರೇನು ಎಂದರು. ನನ್ನ ಕಾಣಿಕೆಯನ್ನು ಚೀಲದ ಮೇಲ್ಭಾಗದಲ್ಲಿ, ಅರಿವೆ ಸುತ್ತಿ ಇಟ್ಟುಕೊಂಡದ್ದನ್ನು ನೋಡಿದೆ. ನಾನು ಯಾರ ನಕಲನ್ನೂ ಮಾಡದೆ ಕಳೆದ ಮೊದಲ ದಿನ ಅದು.

ದೀಪಾವಳಿಯ ಜಾಹೀರಾತು ಹಾಲಿನಂತೆ ಶುಭ್ರವಾಗಿ ಬಂತು. ಕಳಿಸಿದೆ. ಶೇಟ್ ಫೋನು ಮಾಡಿದ: "ಪಹಿಲೀ ಭಾರೀ ಹೋತೀ ರೇ. ಹೀ ಐಕೂನ್ ಶಟರ್ ಪಾಡಲ್ಯಾಸಾರಖಂ ವಾಟತಂಯ್."

ಮೊದಲನೆಯದೇ ಭಾರಿಯಿತ್ತಂತೆ, ಇದನ್ನು ಕೇಳಿದರೆ ಅಂಗಡಿಯ ಶಟರ್ ಎಳೆದಂತಿದೆಯಂತೆ. ಮೊದಲನೆಯದರಲ್ಲಿ ಹಿಂದೆ ಟಕಟಕ ಬಿಲ್ಲು ಹೊಡೆಯುವ ಸದ್ದಿತ್ತು, ಗಿರಾಕಿ ಮುತ್ತಿದ ಹಾಗೆ ಕೇಳುತ್ತಿತ್ತು. ಅದೇ ಸಪ್ಪಳ ಹಾಕಿ ನಾಡಿದ್ದರೊಳಗೆ ಕಳಿಸು, ಇಲ್ಲವಾದರೆ ಸಾಂಗ್ಲಿಯವನಿಗೆ ಹೇಳುತ್ತೇನೆ ಎಂದು ಫೋನಿಟ್ಟ.

ಮಾಮಾ ಬಿಟ್ಟುಹೋದ ಹಳೆಯ ಕೀಬೋರ್ಡನ್ನು ಮೈಕಿನ ಮುಂದಿಟ್ಟು ಹತ್ತೂ ಬೆರಳಿನಲ್ಲಿ ಬಾರಿಸಿದೆ. ಶೈಲಕ್ಕ ಕೇಳಿ, "ಇದು ದುಕಾನ ಅಲ್ಲೋ. ಜ್ವಾಳದ ಚೀಲದಾಗ ಇಲಿ ಹೊಕ್ಕಂಗ ಐತಿ," ಎಂದಳು. ಎರಡು ಬೆರಳಿನಲ್ಲಿ ಹೊಡೆದೆ. ಉಗುರು ನೊಂದಿತೇ ಹೊರತು ಆ ರಭಸ ಬರಲಿಲ್ಲ. ಕೀಬೋರ್ಡನ್ನು ಬಗಲಲ್ಲಿಟ್ಟುಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ.

ಮಗಳ ಮನೆಯೆಂದರೆ ಮುಂದೆ ಅಳಿಯನ ಹಿಟ್ಟಿನ ಗಿರಣಿ, ಹಿಂದೆ ಮನೆ. ಗಿರಣಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಮಾಮಾ ಕುಳಿತಿದ್ದರು. ಗಿರಣಿ ಕಿವಿ ಹರಿಯುವಂತೆ ಒದರುತ್ತಿತ್ತು. ಹುಬ್ಬಿನ ಮೇಲೆ ಹಿಟ್ಟು, ಮುಂದೆ ನಾನು ಕೊಟ್ಟ ಮೂಕ ಕೀಬೋರ್ಡು. ಬೆರಳೆರಡೂ ಎಡವದೆ ಓಡುತ್ತಿದ್ದವು.

"ಭಾರಿ ಮಾಲ ಕೊಟ್ಟಿ ನೋಡೋ ಸೋಂಗಾಡ್ಯಾ," ಎಂದು ಕೂಗಿದರು. "ಇಲ್ಲಿಗೆ ಬಂದ ಮ್ಯಾಲ ಒಂದ ಬಿಲ್ಲ ತಪ್ಪಿಲ್ಲ. ಗಿರಣಿ ಒದರತಿದ್ರ ಬೆರಳು ಬ್ಯಾರೆ ಸಪ್ಪಳಾ ಹುಡಕಂಗಿಲ್ಲ. ಚಾ ಕುಡೀತಿ?"

ಚಹಾ ಕುಡಿದೆ. ಹಳೆಯ ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟು, ಫೋನು ತೆಗೆದು, ಕಿವಿಯ ಹತ್ತಿರ ಬಾಗಿ ಇದ್ದದ್ದನ್ನೆಲ್ಲ ಕೂಗಿ ಹೇಳಿದೆ. ಕಡೆಗೆ ಬೇಡಿಕೊಂಡೆ: "ಹತ್ತ ಮಿನಿಟ ಗಿರಣಿ ಬಂದ್ ಮಾಡಸ್ರಿ ಮಾಮಾ. ನೀವು ಬಡೀರಿ, ನಾ ರೆಕಾರ್ಡ ಮಾಡ್ಕೋತೇನಿ. ಇಲ್ಲಂದ್ರ ನನ್ನ ಕೆಲಸಾ ಹೋಗತೈತ್ರಿ."

ಜೋಳದ ಡಬ್ಬಿ ಹಿಡಿದು ಪಾಳಿ ನಿಂತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಮಾಮಾ ಹಳೆಯ ಕೀಬೋರ್ಡಿನ ಮೇಲೆ ಒಮ್ಮೆ ಅಂಗೈ ಆಡಿಸಿ, ಅದನ್ನು ನನ್ನ ಬಗಲಿಗೆ ವಾಪಸ್ಸು ತುರುಕಿದರು.

"ಇವರ ಜ್ವಾಳಾ ಬೀಸೋದು ನಿಲ್ಲಂಗಿಲ್ಲ. ಊರ ಮಂದೀ ದನಿ ಎಲ್ಲಾ ಬಾಯಿಲೇ ತಗೀತಿ, ಈ ಒಂದ ಟಕ್ ಟಕ್ ಬೇಡಾಕ ಗಡಹಿಂಗ್ಲಜತನಾ ಬಂದೀಯೇನು? ಬಾಯಿ ತಗಿ, ನೀನ ಮಾಡು."