ಆರು ರೋಲು ತೊಳೆಯಲು ಬೇಕಾದ ನೀರು

ಪತ್ರಿಕೆಯ ಕಚೇರಿಯ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಫಿಲ್ಮು ತೊಳೆದ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಸಂಪಾದಕರಿಗೂ ಅವಳು ಚಿಕ್ಕಮ್ಮನೇ. ಯುದ್ಧ, ಚುನಾವಣೆ, ಪ್ರವಾಹ, ಮಂತ್ರಿಗಳ ಮದುವೆ, ಎಲ್ಲವನ್ನೂ ಅವಳು ಆ ಕತ್ತಲ ಕೋಣೆಯಲ್ಲಿ ನಿಂತೇ ನೋಡಿದ್ದಳು. ಅವಳಿಗಿದ್ದ ಜಂಬ ಒಂದೇ: ತಾನು ತೊಳೆದ ಫಿಲ್ಮು ಒಂದೂ ಹಳದಿಗೆ ತಿರುಗಿಲ್ಲ. ಬಿಂಬ ಮೂಡಿದ ಮೇಲೆ ಹರಿಯುವ ನೀರಿನಲ್ಲಿ ಅರ್ಧ ಗಂಟೆ ತೊಳೆಯಲೇಬೇಕು. ಯಾರಾದರೂ "ಸಾಕು ಬಿಡು" ಎಂದರೆ ಎರಡು ದಿನ ಮುಖ ಊದಿಸಿಕೊಂಡಿರುವಳು.

ಅಂಥವಳ ಪಾಲಿಗೆ ಬಂತಲ್ಲ ಆ ವರ್ಷ! ನಲ್ಲಿಯಲ್ಲಿ ನೀರು ಬರುತ್ತಿದ್ದುದು ಐದು ದಿನಕ್ಕೊಮ್ಮೆ, ಅದೂ ಮುಕ್ಕಾಲು ಗಂಟೆ. "ನೀರು ಕುಡಿದಷ್ಟು ಸುಲಭ" ಎನ್ನುವ ಮಾತನ್ನು ಊರಿನವರು ಬಿಟ್ಟೇಬಿಟ್ಟಿದ್ದರು. ಊರಿನ ಗತಿಯೇ ಹೀಗಾದರೆ ಉತ್ತರದ ಕಣಿವೆಯ ಪಾಡನ್ನು ಕೇಳುವುದೇ ಬೇಡ. ಅಲ್ಲಿ ಜನ ಬೇರು ಬೇಯಿಸಿ ತಿನ್ನುತ್ತಿದ್ದಾರೆ ಎಂಬ ಸುದ್ದಿ ಬರುತ್ತಿತ್ತು. ಆದರೆ ಅಧಿಕಾರಿಗಳದ್ದು ಒಂದೇ ಹಟ: ಅಲ್ಲಿ ಬರ ಇದೆ, ಕ್ಷಾಮ ಇಲ್ಲ. ಕ್ಷಾಮ ಎಂದು ಬರೆದುಕೊಡದ ಹೊರತು ಧಾನ್ಯದ ಲಾರಿಯೂ ಇಲ್ಲ, ನೀರಿನ ಲಾರಿಯೂ ಇಲ್ಲ. ಅದನ್ನು ತೀರ್ಮಾನಿಸುವ ಸಮಿತಿಯ ಕೊನೆಯ ಸಭೆ ಆ ದಿನ ಸಂಜೆ ಐದಕ್ಕೆ.

ಮಧ್ಯಾಹ್ನ ಒಂದೂವರೆಗೆ ಕಣಿವೆಯಿಂದ ಫೋಟೋಗ್ರಾಫರ್ ಬಂದ. ಬಾಗಿಲಿಗೆ ಬಗ್ಗಿಯೇ ಒಳಗೆ ಬರುವ ಆಳು. ಎಲ್ಲರಿಗೂ ಅವನು ಉದ್ದಣ್ಣ. ಮೈಯೆಲ್ಲ ಧೂಳು, ತುಟಿಯೆಲ್ಲ ಬಿರುಕು. ಆರು ರೋಲು ಫಿಲ್ಮನ್ನು ಚಿಕ್ಕಮ್ಮನ ಮೇಜಿನ ಮೇಲಿಟ್ಟು ಅವನು ನೆಲದ ಮೇಲೆ ಕೂತೇಬಿಟ್ಟ.

"ಚಿಕ್ಕಮ್ಮ, ಇದರಲ್ಲಿ ಎಲ್ಲಾ ಇದೆ. ಐದು ಗಂಟೆಗೆ ಸಮಿತಿ ಮುಂದೆ ಇಟ್ರೆ ಇಲ್ಲ ಅನ್ನೋಕೆ ಅವರಿಗೆ ಬಾಯೇ ಬರಲ್ಲ."

ಚಿಕ್ಕಮ್ಮ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ನೀರಿಲ್ಲ ಎಂದು ತೋರಿಸುವ ಫೋಟೋ ತೊಳೆಯುವುದಕ್ಕೇ ನೀರಿಲ್ಲ! ಅವಳಿಗೆ ಮೊದಲು ನಗು ಬಂತು, ಹಿಂದೆಯೇ ಮೈ ಉರಿಯಿತು. ಅರ್ಧ ಗಂಟೆ ಹರಿಯುವ ನೀರೆಂಬ ಇಪ್ಪತ್ತಾರು ವರ್ಷದ ನೇಮವನ್ನು ಅವಳು ಆ ಕ್ಷಣವೇ ಮುರಿದಳು. ಡಬ್ಬಿ ತುಂಬಿ ಐದು ಸಲ ಕುಲುಕಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಇನ್ನೊಮ್ಮೆ ತುಂಬಿ ಇಪ್ಪತ್ತು ಸಲ. ಹಾಗೆ ಮಾಡಿದರೆ, ಪ್ರಿಂಟಿನ ತಟ್ಟೆಗಳಿಗೂ ಸೇರಿಸಿ, ಹನ್ನೆರಡು ಲೀಟರಿನಲ್ಲಿ ಮುಗಿಯುತ್ತದೆ. ಆದರೆ ಆ ಹನ್ನೆರಡು ಲೀಟರ್ ಎಲ್ಲಿದೆ?

ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಬೇಸಿಗೆಯಲ್ಲಿ ನೀರು ಬಚ್ಚಿಡದವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ಎಲ್ಲರ ಗುಟ್ಟು ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ. ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮೂರು ಮಹಡಿ ಸುತ್ತಿದಳು.

"ತೆಗೀರಿ ಎಲ್ಲಾ! ನಿಘಂಟಿನ ಹಿಂದೆ ಇರೋದು, ಕಡತದ ಕಪಾಟಲ್ಲಿ ಇರೋದು, ಎಲ್ಲಾ ನನಗೆ ಗೊತ್ತು. ಕಣಿವೆಗೆ ಲಾರಿ ಹೋಗ್ಬೇಕೋ ಬೇಡ್ವೋ?"

ಒಬ್ಬೊಬ್ಬರೇ ಎದ್ದರು. ನಿಘಂಟಿನ ಹಿಂದಿನಿಂದ ಒಂದು ಸೀಸೆ, ಕೊಡೆ ಇಡುವ ಡಬ್ಬದಿಂದ ಎರಡು, ಟೈಪ್‌ರೈಟರಿನ ಮುಚ್ಚಳದ ಕೆಳಗಿನಿಂದ ಒಂದು ಚೊಂಬು. ಕೊನೆಗೆ ಸಂಪಾದಕರು ಬಂದರು. ನೀರು ಬಚ್ಚಿಡುವವರನ್ನು ಸಮಾಜದ್ರೋಹಿಗಳೆಂದು ಹಿಂದಿನ ವಾರವಷ್ಟೇ ಅಗ್ರಲೇಖನ ಬರೆದಿದ್ದ ಆ ಮಹಾನುಭಾವರು ತಮ್ಮ ಮೇಜಿನಡಿಯಿಂದ ಐದು ಲೀಟರಿನ ಕ್ಯಾನು ಎಳೆದರು. ಕಚೇರಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. "ಬರೆದಿದ್ದು ಬೇರೆ, ಬಾಯಾರಿಕೆ ಬೇರೆ" ಎಂದು ಅವರೂ ನಕ್ಕರು. ಬಿಸಿಲಿಗೆ ನೀರು ಕೈಸುಡುವಷ್ಟು ಕಾದಿತ್ತು. ತಣಿಯಲಿ ಎಂದು ಎಲ್ಲವನ್ನೂ ನೆಲಮಾಳಿಗೆಯ ಕಲ್ಲುಹಾಸಿನ ಮೇಲೆ ಸಾಲಾಗಿ ಇಟ್ಟರು.

ಚಿಕ್ಕಮ್ಮ ದೀಪ ಆರಿಸಿ, ಕತ್ತಲಲ್ಲಿ ಮೊದಲೆರಡು ರೋಲುಗಳನ್ನು ಡಬ್ಬಿಗೆ ಸುತ್ತಿ ಮುಚ್ಚಿದಳು. ಮತ್ತೆ ದೀಪ ಹಾಕಿ, ಬಿಂಬ ಮೂಡಿಸುವ ದ್ರಾವಣದ ಸೀಸೆಯನ್ನು ಕಪಾಟಿನಿಂದ ತೆಗೆದು ಡಬ್ಬಿಗೆ ಸುರಿದಳು. ಏಳು ನಿಮಿಷ ಕುಲುಕಿದಳು. ಹೊರಗೆ ಬಗ್ಗಿಸುವಾಗ ಅಭ್ಯಾಸದಂತೆ ಬೆರಳೊಡ್ಡಿದಳು. ಆ ದ್ರಾವಣ ಸೋಪಿನ ನೀರಿನ ಹಾಗೆ ಜಾರಬೇಕು. ಇದು ಜಾರಲಿಲ್ಲ.

"ಅಯ್ಯೋ! ಇದು ಬರೀ ನೀರು!"

ಕರಡು ತಿದ್ದುವ ಮುದುಕರು ಆಗಷ್ಟೇ ಬಾಗಿಲಿಗೆ ಬಂದಿದ್ದರು. ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತು.

"ನಂದೇ, ಚಿಕ್ಕಮ್ಮ. ವಿಷ ಅಂತ ನಿನ್ನ ಸೀಸೆ ಯಾರೂ ಮುಟ್ಟಲ್ಲ ನೋಡು, ಅದಕ್ಕೇ ಅದರಲ್ಲಿಟ್ಟೆ. ಒಳಗೆ ಏನೋ ಇತ್ತು, ಹಳೇದು ಅಂತ ಚೆಲ್ಲಿಬಿಟ್ಟೆ."

"ಹಳೇದಲ್ಲ, ನಿನ್ನೆ ಕಲಸಿದ್ದು! ಅಲ್ರೀ, ಊರಿನ ತಪ್ಪೆಲ್ಲಾ ತಿದ್ದೋರು ನೀವು!"

ಉದ್ದಣ್ಣ ತಲೆಮೇಲೆ ಕೈಹೊತ್ತು ಕೂತ. ಚಿಕ್ಕಮ್ಮನ ಬುದ್ಧಿ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಬರೀ ನೀರಿನಲ್ಲಿ ನೆಂದರೆ ಫಿಲ್ಮಿಗೆ ಏನೂ ಆಗುವುದಿಲ್ಲ. ಮೂಡಿದ ಬಿಂಬವನ್ನು ನಿಲ್ಲಿಸುವ ಫಿಕ್ಸರ್, ಬಿಂಬ ಮೂಡುವ ಮೊದಲೇ ಬಿದ್ದಿದ್ದರೆ ಮಾತ್ರ ಎಲ್ಲ ಅಳಿಸಿಹೋಗುತ್ತಿತ್ತು. ಬಿಂಬ ಮೂಡಿಸುವ ದ್ರಾವಣದ ಪುಡಿ ಇದೆ, ಹೊಸದಾಗಿ ಕಲಸಬಹುದು. ಆದರೆ ಅದಕ್ಕೆ ತಣ್ಣಗಿನ ನೀರು ಬೇಕು. ಬೆಚ್ಚಗಿದ್ದರೆ ಫಿಲ್ಮಿನ ಮೇಲ್ಪದರವೇ ಕರಗಿ ಇಳಿಯುತ್ತದೆ. ಕಲ್ಲಿನ ಮೇಲಿಟ್ಟ ನೀರು ಇನ್ನೂ ತಣಿದಿರಲಿಲ್ಲ. ಗಂಟೆ ಆಗಲೇ ಮೂರು.

ಹತ್ತಿರದಲ್ಲಿ ತಣ್ಣಗಿನ ನೀರು ಇದ್ದದ್ದು ಒಂದೇ ಕಡೆ, ಅವಳ ಮನೆಯ ಮಣ್ಣಿನ ಹೂಜಿಯಲ್ಲಿ. ಅದರ ಕಾವಲಿಗೆ ಅವಳ ಅತ್ತೆ. ಎಪ್ಪತ್ತೆಂಟರ ಆ ಮುದುಕಿ ಹೂಜಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಲೋಟಕ್ಕೆ ಎಷ್ಟು ಬಿತ್ತೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಚಿಕ್ಕಮ್ಮ ಎರಡು ಬೀದಿ ಓಡಿ, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು.

"ಅತ್ತೆ, ಹೂಜಿ ಬೇಕು. ಪೂರ್ತಿ."

"ನಿನಗೇನು ತಲೆ ಕೆಟ್ಟಿದೆಯಾ? ಇನ್ನೂ ಎರಡು ದಿನ ನಲ್ಲಿ ಬರಲ್ಲ."

"ಕಣಿವೆ ಫೋಟೋ, ಅತ್ತೆ. ನಿಮ್ಮ ತವರಿನದು. ಐದಕ್ಕೆ ಕೊಡದಿದ್ರೆ ಲಾರಿ ಇಲ್ಲ."

ಅತ್ತೆ ಎದ್ದು ಚಪ್ಪಲಿ ಮೆಟ್ಟಿದಳು. ಹೂಜಿಯನ್ನು ಸೊಸೆಯ ಕೈಗೂ ಕೊಡದೆ ತಾನೇ ಎದೆಗವಚಿಕೊಂಡು ಬೀದಿಗಿಳಿದಳು. "ನೀನು ಓಡಿದ್ರೆ ತುಳುಕಿಸ್ತೀಯ" ಎಂದಳು.

ಆಮೇಲೆ ನಡೆದದ್ದೆಲ್ಲ ಒಂದೇ ಉಸಿರಿಗೆ. ಪುಡಿ ಕಲಸಿದರು, ತಣ್ಣೀರು ಬೆರೆಸಿದರು. ಸಂಪಾದಕರು ಗಡಿಯಾರ ಹಿಡಿದು ನಿಮಿಷ ಕೂಗಿದರು. ಕರಡಿನ ಮುದುಕರು ಪ್ರಾಯಶ್ಚಿತ್ತಕ್ಕೆಂದು ಡಬ್ಬಿ ಕುಲುಕಿ ಕುಲುಕಿ ಬೆವರಿ ಹೋದರು. ಕೂಗು ಬಿದ್ದಾಗಲೆಲ್ಲ ಮಹಡಿಯವರು ಅಷ್ಟರಲ್ಲಿ ತಣಿದಿದ್ದ ನೀರಿನ ಸೀಸೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಚಿಕ್ಕಮ್ಮ ಮೊದಲ ರೋಲನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಇತ್ತು! ಪ್ರತಿಯೊಂದು ಚೌಕದಲ್ಲೂ ಬಿಂಬವಿತ್ತು! ಅವಳು ಹಾಕಿದ ಕೇಕೆ ಮೂರನೆಯ ಮಹಡಿಗೆ ಕೇಳಿಸಿತು.

ನಾಲ್ಕೂಕಾಲಿಗೆ ಫಿಲ್ಮು ಹಸಿಯಾಗಿರುವಾಗಲೇ ಪ್ರಿಂಟು ಹಾಕತೊಡಗಿದಳು. ಕೆಂಪು ದೀಪದ ಮೂಲೆಯಲ್ಲಿ ಅತ್ತೆ ಸ್ಟೂಲಿನ ಮೇಲೆ ಕೂತಿದ್ದಳು. ತಟ್ಟೆಯೊಳಗಿನ ಬಿಳಿ ಕಾಗದದಲ್ಲಿ ಮೆಲ್ಲಗೆ ಕಪ್ಪು ಗೆರೆಗಳು ಎದ್ದವು: ಕಲ್ಲಿನ ಮೆಟ್ಟಿಲುಗಳು, ಕೆಳಕ್ಕೆ, ಇನ್ನೂ ಕೆಳಕ್ಕೆ. ಎಲ್ಲಕ್ಕಿಂತ ತಳದಲ್ಲಿ ಒಬ್ಬ ಹೆಂಗಸು, ಎಲುಬಿನ ಗೂಡಿನಂಥವಳು, ಬಟ್ಟಲಿನಿಂದ ಕೆಸರು ಗೋರುತ್ತಿದ್ದಳು.

"ಇದು ನಮ್ಮ ಬಾವಿ" ಎಂದಳು ಅತ್ತೆ. "ಇದಕ್ಕೆ ಇಷ್ಟೊಂದು ಮೆಟ್ಟಿಲಿತ್ತಾ? ನಾವು ಕಂಡಿದ್ದು ಹನ್ನೊಂದೇ. ಉಳಿದಿದ್ದೆಲ್ಲಾ ನೀರೊಳಗೆ."

ಉದ್ದಣ್ಣ ಎಣಿಸಿದ್ದ. ಎಂಬತ್ತನಾಲ್ಕು.

ನಾಲ್ಕು ಐವತ್ತಕ್ಕೆ ಸಂಪಾದಕರು ಒದ್ದೆ ಪ್ರಿಂಟುಗಳನ್ನು ರಟ್ಟಿನ ಮೇಲೆ ಹರಡಿಕೊಂಡು, ಮದುವೆಯ ತಟ್ಟೆ ಹೊತ್ತವರಂತೆ ಓಡಿದರು. ಐದೂ ಮುಕ್ಕಾಲಿಗೆ ಫೋನು ಬಂತು. ಕ್ಷಾಮ ಎಂದು ಬರೆದುಕೊಟ್ಟಿದ್ದರು. ನಲವತ್ತು ಲಾರಿ, ಅದರಲ್ಲಿ ಹದಿನೈದು ನೀರಿನವು; ಮೊದಲನೆಯದು ಏಳಕ್ಕೆ ಹೊರಡುತ್ತದೆ. ಕಚೇರಿ ಕುಣಿಯಿತು. ಕರಡಿನ ಮುದುಕರು ಅತ್ತೇಬಿಟ್ಟರು. ಸಂತೋಷಕ್ಕೆ ಗಂಟಲು ಒಣಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಡಿಯಲು ಕಟ್ಟಡದಲ್ಲಿ ಒಂದು ಹನಿಯೂ ಇರಲಿಲ್ಲ.

ಅತ್ತೆ ಮಾತ್ರ ಆ ಬಾವಿಯ ಚಿತ್ರದ ಇನ್ನೊಂದು ಪ್ರಿಂಟನ್ನು ಕೈಯಲ್ಲಿ ಹಿಡಿದೇ ಇದ್ದಳು.

"ಈ ಬಟ್ಟಲು ತುಂಬೋಕೆ ಇವಳಿಗೆ ಎಷ್ಟು ಹೊತ್ತಾಯ್ತು ಮಗಾ?"

"ಒಂದೂವರೆ ಗಂಟೆ, ಅಮ್ಮ" ಎಂದ ಉದ್ದಣ್ಣ. "ಮೇಲೆ ಬಂದು ಮೊದಲು ನನಗೇ ಕೊಟ್ಳು. ದೂರದಿಂದ ಬಂದಿದ್ದೀಯ ಅಂತ. ನಾನು ಕುಡಿದೆ. ತಡ್ಕೊಳ್ಳೋಕೆ ಆಗಲಿಲ್ಲ, ಕುಡಿದುಬಿಟ್ಟೆ" ಎಂದ.

ಅತ್ತೆ ಅವನನ್ನು ಬೈಯುತ್ತಾಳೆಂದು ಚಿಕ್ಕಮ್ಮ ಹೆದರಿದಳು. ಅತ್ತೆ ಬೈಯಲಿಲ್ಲ.

"ಹಂಗಾದ್ರೆ ಇಲ್ಲಿ ಯಾಕೆ ಕೂತಿದ್ದೀಯ? ಏಳಕ್ಕೆ ಲಾರಿ ಅಂತೆ" ಎಂದಳು.

ಉದ್ದಣ್ಣ ಎದ್ದ. ಹೊರಡುವಾಗ ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು ಚಿಕ್ಕಮ್ಮನ ಕಪಾಟಿನಲ್ಲಿಟ್ಟ.

ಎರಡು ದಿನದ ಮೇಲೆ ಸಂಪಾದಕರು ಕಟ್ಟಡ ಅದುರುವಂತೆ ಕೂಗಾಡಿದರು. ಮೊದಲ ಲಾರಿ ಕಣಿವೆ ಮುಟ್ಟಿದ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಇತ್ತು, ಅವರದರಲ್ಲಿ ಮಾತ್ರ ಇರಲಿಲ್ಲ. ಲಾರಿ ಬಾವಿಯ ಹತ್ತಿರ ನಿಂತಾಗ ಅವರ ಫೋಟೋಗ್ರಾಫರ್ ತುಂಬಿದ ಕೊಡ ಹೆಗಲಿಗೇರಿಸಿಕೊಂಡು, ಎಂಬತ್ತನಾಲ್ಕು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿದ್ದ.

"ಹೋಗಲಿ ಬಿಡಿ" ಎಂದು ಚಿಕ್ಕಮ್ಮ ಸಂಪಾದಕರಿಗೆ ಹೇಳಿದಳು. "ಅದು ತೊಳೆಯೋಕೆ ನನ್ನ ಹತ್ರ ನೀರೂ ಇರಲಿಲ್ಲ."