ಒಂದೇ ತೊಗರಿ, ಎರಡು ಅಂಕಿ

ಸೊಲ್ಲಾಪುರದ ಪ್ರಯೋಗಾಲಯದಲ್ಲಿ ನಾನು ತೊಗರಿಯ ಪ್ರೋಟೀನು ಅಳೆಯುತ್ತಿದ್ದೆ. ನಾಗಣಸೂರಿನ ಗೌಡರು ರಾಶಿಯಾದ ಕೂಡಲೇ ತಂದ ಕಾಳಿನಲ್ಲಿ ಪ್ರೋಟೀನು ಚೆನ್ನಾಗಿತ್ತು. ಎರಡು ತಿಂಗಳ ಮೇಲೆ, ಬೀಜಕ್ಕೆ ಮಾರುವ ಮುಂಚೆ ಇನ್ನೊಮ್ಮೆ ಅಳೆಸಲು, ಅದೇ ತೊಗರಿಯ ಹಿಟ್ಟು ತಂದರು. ಮೂರು ಸಲ ಅಳೆದೆ. ಮೂರು ಸಲವೂ ಕಡಿಮೆ. ಹಾಗೇ ಬರೆದರೆ ಅವರ ತೊಗರಿಯನ್ನು ಬೀಜಕ್ಕೆ ಯಾರೂ ಕೊಳ್ಳುವುದಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

"ಇದರಾಗ ಏನರೆ ಕೂಡಿಸೀರೇನ್ರಿ ಗೌಡ್ರ?"

"ದೇವರಾಣಿ ಇಲ್ರಿ ಸಾಹೇಬ್ರ. ನಿಮಗ ತ್ರಾಸ ಬ್ಯಾಡಂತ ಮನಿಯಾಗ ಬೀಸಿಸಿ ತಂದೀನಿ."

"ಕಾಳು ಹೆಂಗ ಇಟ್ಟಿದ್ರಿ?"

"ಎಲ್ಲಾರಂಗ, ಕೆಮ್ಮಣ್ಣ ಹಚ್ಚಿ. ಇಲ್ಲಂದ್ರ ಹುಳಾ ಬೀಳತಾವಲ್ರಿ."

"ಮೊದಲ ಯಾಕ ಹೇಳಲಿಲ್ಲ?"

"ಅದನ್ನೂ ಹೇಳಬೇಕೇನ್ರಿ? ನೀವು ಕಲತವ್ರು!"

ಹಿಟ್ಟಿನ ತೂಕದಲ್ಲಿ ಆ ಮಣ್ಣೂ ಸೇರಿತ್ತು. ಕಾಳು ತರಿಸಿ, ಮಣ್ಣು ಹೋಗುವಂತೆ ತೊಳೆದು ಒಣಗಿಸಿ ಅಳೆದಾಗ ಹಳೆಯ ಅಂಕಿಯೇ ಬಂತು. ಗೌಡರು ನಿಶ್ಚಿಂತೆಯಿಂದ ಊರಿಗೆ ಹೋದರು. ಅದುವರೆಗೆ ನಾನು ಸಹಿ ಹಾಕಿ ಕಳಿಸಿದ ವರದಿಗಳಲ್ಲಿ ತೊಗರಿ ಎಷ್ಟು, ಮಣ್ಣು ಎಷ್ಟು ಎಂಬುದು ಮಾತ್ರ ನನಗೆ ಇಂದಿಗೂ ತಿಳಿಯದು.