ಎಡೆಗೆ ಏನಿಡಲಿ

ಪಿತೃಪಕ್ಷದ ಅಮಾವಾಸ್ಯೆ ಹತ್ತಿರ ಬಂದಿತ್ತು. ಹಾಸನದ ನಮ್ಮ ಕಾಲೇಜಿನಲ್ಲಿ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದೆ, ಫೋನ್ ಬಂತು. ಅರಕಲಗೂಡು ಕಡೆಯ ಹಳ್ಳಿಯಿಂದ, ಹೋದ ವರ್ಷ ತೀರಿಕೊಂಡ ನನ್ನ ವಿದ್ಯಾರ್ಥಿನಿಯ ತಾಯಿ.

“ಮೇಡಮ್ಮೋರೆ, ಮಗೀಗೆ ಎಡೆ ಇಡ್ಬೇಕು. ಅದ್ಕೇನಿಷ್ಟ ಅಂತ ನಂಗೊತ್ತಿಲ್ಲ. ಇಲ್ಲಿದ್ದಾಗ ಆಕಿದ್ದುಣ್ಕಂಡು ಓಗದು. ಆಸ್ನದಲ್ಲಿ ಏನ್ ತಿಂತಿತ್ತು? ನಿಮ್ಗೊತ್ತಿರ್ತದಲ್ವಾ, ವಸಿ ಯೋಳಿ. ಅಸ್ಕಂಡು ಓಗ್ಬಾರ್ದು ಅದು.”

ನನಗೂ ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಪಿಯುಸಿ ಮುಗಿಸಿ ಹೊಗೆಸೊಪ್ಪಿನ ಕೂಲಿಗೆ ಹೋಗುತ್ತಿದ್ದ ಆ ಹುಡುಗಿಯನ್ನು ಕಾಲೇಜಿಗೆ ಎಳೆದು ತಂದವಳು ನಾನೇ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದಂಥ ಮಕ್ಕಳನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತುವುದು ನನ್ನ ಹಳೆಯ ಹುಚ್ಚು. ಅವಳು ಬಿ.ಕಾಂ. ಮಾಡಿದಳು, ಎಂಬಿಎ ಮಾಡಿದಳು, ಊರಾಚೆಯ ಗಾರ್ಮೆಂಟ್ಸಿನಲ್ಲಿ ಎಚ್ಆರ್ ಕೆಲಸಕ್ಕೆ ಸೇರಿದಳು. ಭಾನುವಾರ ಬಂತೆಂದರೆ ನನ್ನ ಜೊತೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಿಗೆ ಹೊರಡುವಳು. ನಾನು ಭಾಷಣ ಶುರು ಮಾಡಿದರೆ, “ಮೇಡಂ, ನೀವ್ ಸುಮ್ನಿರಿ” ಎಂದು ಗದರಿಸಿ, ಆ ಮನೆಯ ಹೆಂಗಸರ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ಮಾತಿಗಿಳಿಯುವಳು. ನನಗೆ ಜಗ್ಗದ ತಾಯಂದಿರು ಅವಳನ್ನು ನೋಡಿ ಮಗಳನ್ನು ಕಳಿಸಲು ಒಪ್ಪುತ್ತಿದ್ದರು. ಅಂಥವಳು ಜ್ವರ ಅಂತ ಮಲಗಿದವಳು ಏಳಲೇ ಇಲ್ಲ. ದೇವರಿಗೆ ಕಣ್ಣಿಲ್ಲ ಎಂದು ಅವತ್ತು ಬೈದವಳು ಇವತ್ತಿಗೂ ಬೈಯುತ್ತಿದ್ದೇನೆ.

ಅವಳ ಬಗ್ಗೆ ನನಗೆ ಏನು ತಾನೆ ಗೊತ್ತಿರಲಿಲ್ಲ? ಅಂಜಿದಾಗ ಕೈಯನ್ನು ಮೇಜಿನಡಿ ಬಚ್ಚಿಡುತ್ತಾಳೆ, ಲೆಕ್ಕದಲ್ಲಿ ಗಟ್ಟಿ, ಇಂಗ್ಲಿಷಿನಲ್ಲಿ ತಡವರಿಸುತ್ತಾಳೆ, ಕೆಳಗಿನವರ ಮೇಲೆ ಕೂಗಾಡುವುದಿಲ್ಲ. ಕೆಲಸಗಾರರನ್ನು ಮೊದಲು ಮನುಷ್ಯರಾಗಿ ತಿಳಿದುಕೊಳ್ಳಿ ಎಂದು ಎಚ್ಆರ್ ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಆ ಹುಡುಗಿ ಏನನ್ನು ಆಸೆಪಟ್ಟು ತಿನ್ನುತ್ತಿದ್ದಳು ಅಂತ ನನಗೆ ತಿಳಿಯದು, ಹೆತ್ತವರಿಗೂ ತಿಳಿಯದು.

“ಒಂದ್ ಕೇಕ್ ತಗೊಂಡ್ ಹೋಗಿ, ಇದೇ ಇಷ್ಟ ಇತ್ತು ಅಂತ ಹೇಳ್ಬಿಡಿ ಮೇಡಂ. ಅವರಿಗೇನ್ ಗೊತ್ತಾಗುತ್ತೆ?” ಎಂದರು ವಿಷಯ ತಿಳಿದ ಪಕ್ಕದ ಸಹೋದ್ಯೋಗಿ.

“ಥೂ, ಏನ್ರೀ ನೀವು! ಸತ್ತವಳಿಗೂ ಸುಳ್ಳು ಬಡಿಸ್ಬೇಕಾ?” ಎಂದು ರೇಗಿದೆ.

ಕೊನೆಗೆ ಅವಳ ಜೊತೆ ರೂಮಿನಲ್ಲಿದ್ದ ಗೆಳತಿಯನ್ನು ಹುಡುಕಿಕೊಂಡು ಗಾರ್ಮೆಂಟ್ಸಿನ ಗೇಟಿಗೇ ಹೋದೆ. ಕೇಳಿದ್ದೇ ತಡ, ಅವಳು ನಕ್ಕುಬಿಟ್ಟಳು, ಆಮೇಲೆ ಅತ್ತಳು. “ಎಗ್ ಪಫ್ಸ್ ಮೇಡಂ. ಸಂಬ್ಳ ಆದ್ ದಿನ ಬಸ್ ಸ್ಟ್ಯಾಂಡ್ ಹತ್ರ ಬೇಕರೀಲಿ ನಿಂತ್ಕೊಂಡು ತಿಂತಿದ್ಲು. ನಂಗೆ ಅರ್ಧಾನೂ ಕೊಡ್ತಿರ್ಲಿಲ್ಲ, ಕಳ್ಳಿ.”

ಅಮಾವಾಸ್ಯೆಯ ದಿನ ಬಿಸಿಬಿಸಿ ಪಫ್ಸ್ ಕಟ್ಟಿಸಿಕೊಂಡು ಬಸ್ ಹತ್ತಿದೆ. ತಾಯಿ ಫೋಟೋದ ಮುಂದೆ ಬಾಳೆಎಲೆ ಹಾಸಿ ಮುದ್ದೆ, ಕೋಳಿಸಾರು, ವಡೆ ಬಡಿಸಿದ್ದರು. ನಡುವೆ ಜಾಗ ಬಿಟ್ಟಿದ್ದರು. ನಾನು ಕೊಟ್ಟ ಪೊಟ್ಟಣ ಬಿಚ್ಚಿ ಪಫ್ಸನ್ನು ಅಲ್ಲಿಟ್ಟರು. ಸತ್ತವರು ಉಣ್ಣುವ ಹೊತ್ತು ಯಾರೂ ನೋಡಬಾರದೆಂದು ಬಾಗಿಲು ಹಾಕಿಕೊಂಡು ನಾವೆಲ್ಲ ಜಗಲಿಯಲ್ಲಿ ಕೂತೆವು. ಒಳಗೆ ಅವಳು ಇದ್ದಾಳೆ ಎಂದು ನಂಬಿಬಿಡಬೇಕು ಅನ್ನಿಸಿತು. ಆಗಲಿಲ್ಲ.

ಬಾಗಿಲು ತೆಗೆದ ಮೇಲೆ ತಾಯಿ ಪಫ್ಸನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ಒಂದ್ಸಲ ಇಂಥದ್ನೇ ತಂದಿತ್ತು ಕಣ್ ಮೇಡಮ್ಮೋರೆ. ತಿನ್ನವ್ವ, ಸಂದಾಗೈತೆ ಅಂತು. ದುಡ್ಡು ಎಚ್ಚಾಗೈತೇನೆ ನಿಂಗೆ ಅಂತ ಬೈದು ಕೋಳಿಗೆ ಆಕ್ಬುಟ್ಟೆ. ಆಮೇಲೆ ತರ್ಲೇ ಇಲ್ಲ.”

ಅಲ್ಲೇ ಎಲೆಯ ಮುಂದೆ ಕೂತು ತಿನ್ನತೊಡಗಿದರು. ಸೆರಗಿನ ಮೇಲೆ ಉದುರಿದ ಚೂರನ್ನೂ ಆರಿಸಿಕೊಂಡು ತಿಂದರು. ಎಡೆಗಿಟ್ಟಿದ್ದನ್ನು ಬಂದವರಿಗೆಲ್ಲ ಹಂಚುವುದು ವಾಡಿಕೆ. ಮುದ್ದೆ ಹಂಚಿದರು, ಸಾರು ಹಂಚಿದರು. ಪಫ್ಸನ್ನು ಮಾತ್ರ ಯಾರಿಗೂ ಕೊಡಲಿಲ್ಲ.